ಸರಾಸರಿ

ಕನ್ನಡದ್ದೇ ಎನ್ನುವಷ್ಟು ಒಗ್ಗಿಹೋದ ಈ ಪದದ ಬೇರು ಪಾರಸಿಯಲ್ಲಿದೆ. ಅಲ್ಲಿ ‘ಸರ್’ ಎಂದರೆ ತಲೆ. ನಮ್ಮ ಸರ್ದಾರ, ಸರ್ಕಾರಗಳಲ್ಲಿರುವುದೂ ಅದೇ. ‘ಸರಾಸರ್’ ಎಂದರೆ ಈ ತುದಿಯಿಂದ ಆ ತುದಿಯವರೆಗೆ, ಇಡಿಯಾಗಿ. ಇಡಿಯಾಗಿ ಕೂಡಿಸಿ ಹಂಚಿ ನೋಡುವ ಲೆಕ್ಕಕ್ಕೆ ಆ ಹೆಸರು ಅಂಟಿತು. ಮರಾಠಿ, ತಮಿಳುಗಳಲ್ಲೂ ಇದೇ ಅರ್ಥ. ತೆಲುಗಿನಲ್ಲಿ ಮಾತ್ರ ‘ನೇರವಾಗಿ’ ಎಂಬ ಅರ್ಥವೂ ಉಳಿದಿದೆ.

ಷೇರು ಕೊಳ್ಳುವವರು ಎಡವುವುದು ಈ ‘ಇಡಿಯಾಗಿ’ ಎಂಬಲ್ಲೇ. 100 ರೂಪಾಯಿಗೆ 10 ಷೇರು, ಆಮೇಲೆ 130ಕ್ಕೆ 20 ಷೇರು ಕೊಂಡಿರಿ ಅನ್ನಿ. ಎರಡು ಬೆಲೆಗಳ ನಡುವೆ ನಿಂತು 115 ಎಂದರೆ ತಪ್ಪು. ಹಾಕಿದ ಹಣ 3,600, ಷೇರು 30, ಸರಾಸರಿ 120. ಹೆಚ್ಚು ಕೊಂಡ ಬೆಲೆಗೆ ಹೆಚ್ಚು ತೂಕ. ದಲ್ಲಾಳಿ ಶುಲ್ಕವನ್ನೂ ಸೇರಿಸಿದರೆ ಇನ್ನೂ ಸರಿ.

ಮಾರಿದಾಗ ಗೊಂದಲ ಹೆಚ್ಚು. ಇದರಲ್ಲಿ 10 ಮಾರಿದಿರಿ. ಸರಾಸರಿ ಪದ್ಧತಿಯಲ್ಲಿ ಉಳಿದ 20ರ ದರ 120 ಆಗಿಯೇ ಇರುತ್ತದೆ. ಆದರೆ ಡಿಮ್ಯಾಟ್ ಷೇರುಗಳಿಗೆ ನಮ್ಮ ಆದಾಯ ತೆರಿಗೆಯವರ ಲೆಕ್ಕ ಬೇರೆ: ಮೊದಲು ಬಂದದ್ದು ಮೊದಲು ಹೋಯಿತು. ನೂರರವು ಹೋದವು, ಕೈಯಲ್ಲಿರುವುದೆಲ್ಲ 130ರವೇ.

ಬೆಲೆ ಬಿದ್ದಾಗ ಮತ್ತಷ್ಟು ಕೊಳ್ಳುವುದಕ್ಕೆ ಪೇಟೆಯಲ್ಲಿ ‘ಆವರೇಜ್ ಮಾಡೋದು’ ಎನ್ನುತ್ತಾರೆ. ಕೊಂಡ ದರವೇನೋ ಇಳಿಯುತ್ತದೆ, ಆದ ನಷ್ಟ ಇಳಿಯುವುದಿಲ್ಲ. ಆ ಇಂಗ್ಲಿಷ್ ಪದ ಹುಟ್ಟಿದ್ದೂ ನಷ್ಟದಿಂದಲೇ: ಹಡಗಿನಲ್ಲಿ ಕೆಟ್ಟ ಸರಕಿನ ಹಾನಿಯನ್ನು ವರ್ತಕರು ಹಂಚಿಕೊಳ್ಳುತ್ತಿದ್ದ ರೂಢಿಯಿಂದ.