ನೆಮ್ಮದಿಯ ಗುಳಿಗೆಯ ಬೆಲೆ

1957ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ನಟ್ಲೆ ಪಟ್ಟಣದಲ್ಲಿದ್ದ ಹಾಫ್‌ಮನ್-ಲಾ ರೋಶ್ ಕಂಪೆನಿಯ ಪ್ರಯೋಗಶಾಲೆಯನ್ನು ಚೊಕ್ಕಟಗೊಳಿಸುವ ಕೆಲಸ ನಡೆದಿತ್ತು. ರಸಾಯನ ವಿಜ್ಞಾನಿ ಲಿಯೋ ಸ್ಟರ್ನ್‌ಬಾಕ್ ಹಿಂದೆ ತಯಾರಿಸಿ, ಪರೀಕ್ಷಿಸದೆ ಬಿಟ್ಟಿದ್ದ ಹರಳುಪುಡಿಯೊಂದು ಸಹೋದ್ಯೋಗಿ ಅರ್ಲ್ ರೀಡರ್ ಕಣ್ಣಿಗೆ ಬಿತ್ತು. ಎಸೆಯುವ ಮುನ್ನ ಒಮ್ಮೆ ನೋಡೋಣವೆಂದು ಅದನ್ನು ಪ್ರಾಣಿಗಳ ಮೇಲಿನ ಪರೀಕ್ಷೆಗೆ ಕಳುಹಿಸಿದರು. ಆ ಪುಡಿಯೇ 1960ರಲ್ಲಿ ‘ಲಿಬ್ರಿಯಂ’ ಎಂಬ ಹೆಸರಿನ ಆತಂಕ ನಿವಾರಕವಾಗಿ ಮಾರುಕಟ್ಟೆಗೆ ಬಂತು. 1963ರಲ್ಲಿ ಅದರ ಬೆನ್ನಿಗೇ ‘ವೇಲಿಯಂ’ ಬಂತು. ಇಂದು ವೈದ್ಯರು ಬರೆದುಕೊಡುವ ಆಲ್‌ಪ್ರಜೋಲಾಂ, ಕ್ಲೊನಾಜೆಪಾಂ, ಲೊರಾಜೆಪಾಂ ಮಾತ್ರೆಗಳೂ ಇದೇ ಬೆಂಜೊಡಯಾಜೆಪೀನ್ ವಂಶದವು.

ಈ ಗುಳಿಗೆಗಳಿಗೆ ದೊರೆತ ಸ್ವಾಗತಕ್ಕೆ ಕಾರಣವಿತ್ತು. ಅದುವರೆಗೆ ನಿದ್ರೆಗೂ ಆತಂಕಕ್ಕೂ ಕೊಡುತ್ತಿದ್ದ ಬಾರ್ಬಿಚುರೇಟ್‌ಗಳು ಅಳತೆ ಮೀರಿದರೆ ಪ್ರಾಣವನ್ನೇ ತೆಗೆಯುತ್ತಿದ್ದವು. ಹೊಸ ಔಷಧಿಯೊಂದನ್ನೇ ಹೆಚ್ಚಾಗಿ ನುಂಗಿದವರು ಸಾಯುವುದು ವಿರಳವಾಗಿತ್ತು. ಹೀಗಾಗಿ ‘ಸುರಕ್ಷಿತ’ ಎಂಬ ಬಿರುದು ಅದಕ್ಕೆ ಬಹುಬೇಗ ಅಂಟಿಕೊಂಡಿತು. 1978ರ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಮಾರಾಟವಾದ ವೇಲಿಯಂ ಮಾತ್ರೆಗಳು ಸುಮಾರು 230 ಕೋಟಿ.

ಆದರೆ ಎಚ್ಚರಿಕೆಯ ಗಂಟೆ 1961ರಲ್ಲೇ ಬಾರಿಸಿತ್ತು. ಲಿಯೋ ಹಾಲಿಸ್ಟರ್ ಮತ್ತು ಸಂಗಡಿಗರು ಲಿಬ್ರಿಯಂ ಅನ್ನು ಹೆಚ್ಚಿನ ಪ್ರಮಾಣದಲ್ಲಿ ಸೇವಿಸುತ್ತಿದ್ದ 11 ರೋಗಿಗಳಿಗೆ ಔಷಧಿಯನ್ನು ಹಠಾತ್ತನೆ ನಿಲ್ಲಿಸಿ ನೋಡಿದರು. ಹತ್ತು ಮಂದಿ ನರಳಿದರು. ಇಬ್ಬರಿಗೆ ಸೆಳವು ಬಂತು. ಇದು ಹೆಚ್ಚಿನ ಪ್ರಮಾಣದ ದೋಷವೇ ಹೊರತು ಸಾಮಾನ್ಯ ಪ್ರಮಾಣಕ್ಕೆ ಅನ್ವಯಿಸದು ಎಂದು ಬಹುಪಾಲು ವೈದ್ಯಲೋಕ ಭಾವಿಸಿತು.

ಈ ಭ್ರಮೆ ಇಪ್ಪತ್ತು ವರ್ಷ ಉಳಿದದ್ದೇಕೆ? ಔಷಧಿಯ ಅಪಾಯ ರೋಗದ ವೇಷದಲ್ಲೇ ಬರುತ್ತಿತ್ತು. ಬೆಂಜೊಡಯಾಜೆಪೀನ್‌ಗಳು ಮಿದುಳಿನಲ್ಲಿ ನರಗಳ ಉದ್ರೇಕವನ್ನು ತಗ್ಗಿಸುವ ‘ಗಾಬಾ’ ಎಂಬ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸುತ್ತವೆ. ದಿನಗಳೆದಂತೆ ಮಿದುಳು ಈ ನೆರವಿಗೆ ಒಗ್ಗಿಕೊಳ್ಳುತ್ತದೆ. ಮಾತ್ರೆ ತಪ್ಪಿದರೆ ನಿದ್ರೆ ಹಾರಿಹೋಗುತ್ತದೆ, ಕೈ ನಡುಗುತ್ತದೆ, ಎದೆ ಬಡಿದುಕೊಳ್ಳುತ್ತದೆ. ಹಳೆಯ ಕಾಯಿಲೆಯೇ ಮರುಕಳಿಸಿತೆಂದು ರೋಗಿ ಹೆದರುತ್ತಾನೆ; ವೈದ್ಯರೂ ಹಾಗೆಯೇ ತಿಳಿದು ಮತ್ತೆ ಅದನ್ನೇ ಬರೆದುಕೊಡುತ್ತಾರೆ. ಮಾತ್ರೆ ನುಂಗಿದೊಡನೆ ಸಮಾಧಾನವಾಗುವುದರಿಂದ ಅನುಮಾನಕ್ಕೆ ಎಡೆಯೇ ಇರುವುದಿಲ್ಲ.

1981ರಲ್ಲಿ ಲಂಡನ್ನಿನ ಮಾಲ್ಕಂ ಲೇಡರ್ ಮತ್ತು ಪೆಟುರ್ಸನ್, ವೈದ್ಯರು ಹೇಳಿದ ಪ್ರಮಾಣದಲ್ಲೇ ದೀರ್ಘಕಾಲ ಮಾತ್ರೆ ಸೇವಿಸಿದ 16 ಮಂದಿಯಲ್ಲೂ ಇದೇ ಯಾತನೆಯನ್ನು ಕಂಡು ವರದಿ ಮಾಡಿದರು. 1982ರಲ್ಲಿ ನ್ಯೂಕ್ಯಾಸಲ್‌ನ ಹೆದರ್ ಆಶ್ಟನ್ ಮಾತ್ರೆ ಬಿಡಿಸುವುದಕ್ಕಾಗಿಯೇ ಚಿಕಿತ್ಸಾಲಯ ತೆರೆದು, ಪ್ರಮಾಣವನ್ನು ಮೆಲ್ಲಮೆಲ್ಲನೆ ಇಳಿಸುವ ಕ್ರಮವನ್ನು ರೂಪಿಸಿದರು. 1988ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷಾ ಸಮಿತಿ ಎರಡರಿಂದ ನಾಲ್ಕು ವಾರ ಮೀರಿ ಕೊಡಬಾರದೆಂದು ಸಲಹೆ ನೀಡಿತು. ಅಮೆರಿಕದಲ್ಲಿ ಅವಲಂಬನೆಯ ಅಪಾಯ ಔಷಧಿಯ ಚೀಟಿಯ ಮೇಲಿನ ಕಪ್ಪು ಚೌಕಟ್ಟಿನೊಳಗೆ ಸೇರಿದ್ದು 2020ರಲ್ಲಿ!

ಉಳಿದ ಅಡ್ಡಪರಿಣಾಮಗಳೂ ಅಲಕ್ಷಿಸುವಂಥವಲ್ಲ. ತೂಕಡಿಕೆ, ಮರೆವು, ನಡಿಗೆಯಲ್ಲಿ ತೂರಾಟ ಕಾಣಿಸಬಹುದು. ವಯಸ್ಸಾದವರು ಬಿದ್ದು ಮೂಳೆ ಮುರಿದುಕೊಳ್ಳಬಹುದು. ಮದ್ಯದ ಜೊತೆಗೋ ಅಫೀಮು ಜಾತಿಯ ನೋವುಶಾಮಕಗಳ ಜೊತೆಗೋ ಸೇರಿದರೆ ಉಸಿರಾಟವೇ ಕುಗ್ಗಬಹುದು.

ಹಾಗೆಂದು ಈ ಔಷಧಿಯನ್ನು ಖಳನೆನ್ನಲಾಗದು. ನಿಲ್ಲದ ಸೆಳವಿಗೆ, ಕುಡಿತ ಬಿಟ್ಟವರ ನಡುಕಕ್ಕೆ ಅದು ಇಂದಿಗೂ ಆಪದ್ಬಾಂಧವ. ನಮ್ಮ ದೇಶದಲ್ಲಿ 2014ರ ಮಾರ್ಚಿಯಿಂದ ಆಲ್‌ಪ್ರಜೋಲಾಂ, ಡಯಾಜೆಪಾಂ ಮುಂತಾದವು ‘ಎಚ್1’ ಅನುಸೂಚಿಗೆ ಸೇರಿವೆ. ಅವುಗಳನ್ನು ಮಾರಿದ ಅಂಗಡಿಯವರು ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಕೊಳ್ಳುವ ರೂಢಿಗೆ ಇದು ಹಾಕಿದ ತಡೆ.

ಇಷ್ಟು ಓದಿ ಯಾರೂ ಇಂದೇ ಮಾತ್ರೆಯನ್ನು ಕಿಟಕಿಯಾಚೆ ಎಸೆಯಬಾರದು. ಹಠಾತ್ತನೆ ನಿಲ್ಲಿಸುವುದೇ ಹೆಚ್ಚು ಅಪಾಯ. ವೈದ್ಯರ ಬಳಿ ಕೇಳಬೇಕಾದ ಪ್ರಶ್ನೆಗಳು ಎರಡು: ಇದನ್ನು ಎಷ್ಟು ದಿನ ನುಂಗಬೇಕು? ಬಿಡುವುದು ಹೇಗೆ? ಮೊದಲ ಚೀಟಿ ಬರೆಯುವಾಗಲೇ ಇವನ್ನು ಕೇಳಿದ್ದರೆ ಇಪ್ಪತ್ತು ವರ್ಷಗಳ ಆ ಭ್ರಮೆಗೆ ಅಷ್ಟು ಜನ ಬೆಲೆ ತೆರಬೇಕಾಗಿರಲಿಲ್ಲ.