ದುರ್ಬೀನಿನೊಳಗಿನ ಎಳೆ

ಬಸವಕಲ್ಯಾಣದ ಕೋಟೆಗೆ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಅವರು ಮೊದಲು ಓಡುವುದು ತೋಪುಗಳ ಹತ್ತಿರ. ಬಿಸಿಲಿಗೆ ಕಾದ ಆ ಲೋಹದ ಮೇಲೆ ಕೈಯಾಡಿಸುತ್ತ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಇದ್ರಾಗ ಗುರಿ ಹ್ಯಾಂಗ ಹಿಡೀತಿದ್ರು, ಅಕ್ಕೋರೆ?" ಒಳ್ಳೆಯ ಪ್ರಶ್ನೆ. ಯಾವ ಕೋಟೆ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ನಮ್ಮ ಇತಿಹಾಸದ ಪಾಠಗಳು ಹೇಳುತ್ತವೆ. ತೋಪಿನ ಹಿಂದೆ ನಿಂತವನು ಏನನ್ನು ನೋಡುತ್ತಿದ್ದ ಎಂಬುದನ್ನು ಹೇಳುವುದಿಲ್ಲ. ನಳಿಕೆಯ ಬೆನ್ನಿನ ಗುಂಟ ಕಣ್ಣು ಹಾಯಿಸಿ ಅಂದಾಜು ಮಾಡುವುದೇ ಅಂದಿನ ಗುರಿ. ಎದುರಿಗಿರುವುದು ಕೋಟೆಯ ಗೋಡೆಯೋ ದಂಡೋ ಆದಾಗ ಅಷ್ಟು ಸಾಕಾಗುತ್ತಿತ್ತು.

ಅದೇ ಪ್ರಶ್ನೆ ನಾರಾಯಣಪುರದಲ್ಲಿ ನನ್ನ ಮನೆ ಬಾಗಿಲಿಗೂ ಬಂತು. ನಮ್ಮ ಓಣಿಯಲ್ಲಿ ಮಿಲಿಟರಿಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಎಲ್ಲರಿಗೂ ಅವರು ಕಾಕಾ. ಲೈಸೆನ್ಸಿನ ಪಾಯಿಂಟ್ ಟೂ ಟೂ ರೈಫಲ್ ಒಂದಿದೆ. ತಿಂಗಳಿಗೊಮ್ಮೆ ಹೈದರಾಬಾದಿಗೆ ಹೋಗಿ ಅಲ್ಲಿನ ಗುಂಡಿನ ಮೈದಾನದಲ್ಲಿ ಕಾಗದದ ಗುರಿಗೆ ಹೊಡೆದು ಬರುವುದೊಂದೇ ಅವರ ಚಟ. ನಾನು ಡಿಗ್ರಿ ಓದುವಾಗ ಎನ್‌ಸಿಸಿಯಲ್ಲಿ ನೆಲಕ್ಕೆ ಬೋರಲು ಮಲಗಿ ಅಂಥದೇ ರೈಫಲ್ ಹೊಡೆದವಳು. ಅದಕ್ಕೇ ಅವರು ನನ್ನನ್ನು ಹುಡುಕಿಕೊಂಡು ಬಂದದ್ದು.

"ಕಣ್ಣ ಮೊದಲಿನಂಗ ಉಳಿದಿಲ್ಲವ್ವಾ. ಹಿಂದಿನ ಸೀಳು ಮಸಕ, ಮುಂದಿನ ಕಾಳು ಮಸಕ. ಒಂದು ದುರ್ಬೀನ ಹಾಕಿಸಬೇಕಂತೀನಿ. ಅಂಗಡ್ಯಾಗ ಇಪ್ಪತ್ನಾಕು ಪಟ್ಟು ದೊಡ್ಡದು ಮಾಡಿ ತೋರಿಸೋದು ಅದ ಅಂದ್ರು. ಪೆನ್ಷನ್‌ದಾಗ ಆಗೋವಂಥದ್ದು ಯಾವುದು ಹೇಳು. ಆಗಲಿಲ್ಲಂದ್ರ ಬಂದೂಕು ಸರಕಾರಕ್ಕ ಒಪ್ಪಿಸಿ ಕೂಡ್ತೀನಿ."

ಕೊನೆಯ ಮಾತನ್ನು ಅವರು ನಗುತ್ತಲೇ ಹೇಳಿದರು. ಆದರೆ ಅದು ನಗುವ ಮಾತಾಗಿರಲಿಲ್ಲ.

ಕಾಕಾನ ಕಷ್ಟ ನಲವತ್ತು ದಾಟಿದ ಎಲ್ಲರ ಕಷ್ಟ. ಬರಿಗಣ್ಣಿನ ಗುರಿಯಲ್ಲಿ ಕಣ್ಣು ಮೂರು ದೂರಗಳನ್ನು ಒಮ್ಮೆಗೇ ನೋಡಬೇಕು: ಮೂಗಿನ ಮುಂದಿನ ಸೀಳು, ನಳಿಕೆಯ ತುದಿಯ ಕಾಳು, ಆಚೆಯ ಗುರಿ. ಕಣ್ಣಿನ ಮಸೂರ ಬಿರುಸಾದ ಮೇಲೆ ಹತ್ತಿರದವು ಮಸುಕಾಗುತ್ತವೆ. ದುರ್ಬೀನು ಮಾಡುವ ದೊಡ್ಡ ಉಪಕಾರ ಇಲ್ಲಿದೆ. ಗುರಿಯ ಬಿಂಬವನ್ನೂ ಗುರಿ ಹಿಡಿಯುವ ಗೆರೆಯನ್ನೂ ಅದು ಒಂದೇ ದೂರಕ್ಕೆ ತಂದು ಕೂಡಿಸುತ್ತದೆ. ದೊಡ್ಡದು ಮಾಡಿ ತೋರಿಸುವುದು ಆಮೇಲಿನ ಮಾತು.

ಆ ಗೆರೆಯ ಕಥೆ ಬಂದೂಕಿನಿಂದ ಶುರುವಾದದ್ದಲ್ಲ. 1608ರಲ್ಲಿ ಹಾಲೆಂಡಿನಲ್ಲಿ ದುರ್ಬೀನು ಬೆಳಕಿಗೆ ಬಂತು. ಮರುವರ್ಷ ಗೆಲಿಲಿಯೋ ಅದನ್ನು ಆಕಾಶಕ್ಕೆ ತಿರುಗಿಸಿದ. 1640ರ ಸುಮಾರಿಗೆ ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕಾಯಿನ್ ಎಂಬ ತರುಣ ಖಗೋಳಜ್ಞನ ದುರ್ಬೀನಿನೊಳಗೆ ಜೇಡವೊಂದು ಎಳೆ ಕಟ್ಟಿತ್ತಂತೆ. ನೋಡಿದರೆ ಆ ಎಳೆಯೂ ದೂರದ ವಸ್ತುವೂ ಒಟ್ಟಿಗೇ ಸ್ಪಷ್ಟವಾಗಿ ಕಂಡವು. ದುರ್ಬೀನು ಅಳೆಯುವ ಸಾಧನವಾದದ್ದು ಹೀಗೆ. ಗ್ಯಾಸ್ಕಾಯಿನ್ 1644ರಲ್ಲಿ ತನ್ನ ದೇಶದ ಒಳಯುದ್ಧದಲ್ಲಿ ಸತ್ತ. ಎಳೆ ಉಳಿಯಿತು.

ಅಂಥ ಎಳೆ ನಮ್ಮ ಸೀಮೆಗೂ ಬಂತು. ಭಾರತವನ್ನು ತ್ರಿಕೋನಗಳಲ್ಲಿ ಅಳೆಯುತ್ತ ದಕ್ಷಿಣದಿಂದ ಹೊರಟ ವಿಲಿಯಂ ಲ್ಯಾಂಬ್ಟನ್ 1815ರಲ್ಲಿ ಬೀದರಿನ ಹತ್ತಿರ ಒಂದು ಆಧಾರರೇಖೆಯನ್ನು ಅಳೆದ. ಆಗ ಇದು ನಿಜಾಮರ ಸೀಮೆ. ಮುಂದೆ ಜಾರ್ಜ್ ಎವರೆಸ್ಟ್ ಸರ್ವೇ ಮುಖ್ಯಸ್ಥನಾಗಿದ್ದಾಗ, 1841ರಲ್ಲಿ, ಆಂಡ್ರ್ಯೂ ವಾ ಎಂಬ ಅಧಿಕಾರಿ ಬೀದರಿನಲ್ಲಿ ಮತ್ತೊಮ್ಮೆ ಅಳೆದ. ಮತ್ತೆ ಯಾಕೆ? ದೂರದ ಉತ್ತರದಿಂದ ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತ ಬಂದಾಗ ಲೆಕ್ಕದಲ್ಲಿ ಸಿಕ್ಕ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ತಾಳೆ ನೋಡಬೇಕಿತ್ತು. ತಾಳೆಯಾದರೆ ನಡುವಿನ ಸಾವಿರಾರು ನೋಟಗಳೂ ಸರಿ. ಉಪಕರಣ ಎಷ್ಟು ದೊಡ್ಡದು ಎಂಬುದಕ್ಕಿಂತ ಅದು ತನ್ನ ಮಾತಿಗೆ ನಿಲ್ಲುತ್ತದೆಯೇ ಎಂಬುದನ್ನು ಆ ಜನ ಪರೀಕ್ಷಿಸಿದರು. ಕಾಕಾನಿಗೆ ನಾನು ಹೇಳಬೇಕಾದ ಮಾತೂ ಇದೇ ಆಗಿತ್ತು.

ಬಂದೂಕಿನ ಮೇಲೆ ದುರ್ಬೀನು ಕೂತದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅಮೆರಿಕದಲ್ಲಿ ಜಾನ್ ಚಾಪ್‌ಮನ್ ಮತ್ತು ಮಾರ್ಗನ್ ಜೇಮ್ಸ್ ಎಂಬವರು ಮಾಡಿದ ಕೊಳವೆಗಳು ನಳಿಕೆಯಷ್ಟೇ ಉದ್ದವಿರುತ್ತಿದ್ದವು. ಅದೇ ಶತಮಾನದಲ್ಲಿ ಚಿಕ್ಕ ತೋಟಾ ಕೂಡ ಬಂತು: ತಳದ ಅಂಚಿನಲ್ಲೇ ಕಿಡಿಮದ್ದು ಇರುವಂಥದ್ದು. ಅದಕ್ಕೇ ಅದು ರಿಮ್‌ಫೈರ್. ಫ್ರಾನ್ಸಿನ ಫ್ಲೋಬರ್ 1845ರಲ್ಲಿ ತೋರಿಸಿದ ದಾರಿ ಅದು. ಇಂದು ಎಲ್ಲೆಡೆ ಇರುವ.22 ಲಾಂಗ್ ರೈಫಲ್ ತೋಟಾ ಹುಟ್ಟಿದ್ದು 1887ರಲ್ಲಿ. ತೋಟಾ ಅಗ್ಗ, ಸದ್ದು ಕಡಿಮೆ, ಭುಜಕ್ಕೆ ಒದೆತವೂ ಇಲ್ಲದಷ್ಟು. ದುರ್ಬೀನು ಮಾತ್ರ ಬಹುಕಾಲ ದುಬಾರಿಯಾಗಿಯೇ ಉಳಿಯಿತು. 1930ರಲ್ಲಿ ವಿಲಿಯಂ ವೀವರ್ ಎಂಬ ಅಮೆರಿಕದ ಕುಶಲಕರ್ಮಿ ತೆಳು ಉಕ್ಕಿನ ಕೊಳವೆಯ, ಮೂರು ಪಟ್ಟಿಗೂ ಕಡಿಮೆ ದೊಡ್ಡದು ಮಾಡುವ ದುರ್ಬೀನನ್ನು ಸಾಮಾನ್ಯರ ಕೈಗೆಟಕುವಂತೆ ಮಾಡಿ ಮಾರಿದ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ತನ್ನ ಗುರಿಕಾರರ ರೈಫಲ್ಲುಗಳಿಗೆ ಅದೇ ಮಾದರಿಯನ್ನು ಹಾಕಿಕೊಂಡಿತು. ಅಗ್ಗವೆಂದರೆ ಕಳಪೆ ಎನ್ನುವವರಿಗೆ ಈ ಚರಿತ್ರೆ ಸಾಕು.

ಈಗ ಕಾಕಾನ ಲೆಕ್ಕ. ದುರ್ಬೀನಿನ ಮೇಲೆ 4×32 ಎಂದು ಬರೆದಿದ್ದರೆ ನಾಲ್ಕು ಪಟ್ಟು ದೊಡ್ಡದು, ಮುಂದಿನ ಗಾಜು 32 ಮಿಲಿಮೀಟರ್ ಎಂದರ್ಥ. 32ನ್ನು ನಾಲ್ಕರಿಂದ ಭಾಗಿಸಿ. ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ 8 ಮಿಲಿಮೀಟರ್. ಅಂಗಡಿಯವರು ತೋರಿಸಿದ್ದರಲ್ಲಿ ಗಾಜು 50, ಪಟ್ಟು 24. ಬೆಳಕಿನ ಅಗಲ 2 ಮಿಲಿಮೀಟರಿಗೆ ತುಸು ಹೆಚ್ಚು. ಅಷ್ಟು ಸಣ್ಣ ಕಿಂಡಿಗೆ ಮುದಿ ಕಣ್ಣನ್ನು ಸರಿಯಾಗಿ ಕೂಡಿಸಬೇಕು. ಬಿಂಬ ಕತ್ತಲೆ, ಎದೆಬಡಿತವೂ ಗಾಜಿನಲ್ಲಿ ಕುಣಿಯುತ್ತದೆ. ಕಡಿಮೆ ಹಣದಲ್ಲಿ ಹೆಚ್ಚು ಪಟ್ಟು ಕೊಡುವವನು ಬೇರೆಲ್ಲೋ ಉಳಿಸಿರುತ್ತಾನೆ, ಗಾಜಿನಲ್ಲೋ ತಿರುಪಿನಲ್ಲೋ. ಪಟ್ಟು ಬದಲಾಗದ, ನಾಲ್ಕರ ಸಾದಾ ದುರ್ಬೀನಿನಲ್ಲಿ ಕೆಡುವ ಭಾಗಗಳೂ ಕಡಿಮೆ.

ಎರಡನೆಯದು ದೂರದ ಹೊಂದಿಕೆ. ಕಿಟಕಿಯ ಸರಳಿಗೆ ಎದುರಾಗಿ ಬೆರಳು ಹಿಡಿದು ತಲೆ ಅಲ್ಲಾಡಿಸಿದರೆ ಬೆರಳು ಸರಳಿನ ಮೇಲಿಂದ ಸರಿದಂತೆ ಕಾಣುತ್ತದಲ್ಲ, ದುರ್ಬೀನಿನ ಗೆರೆಯೂ ಗುರಿಯ ಮೇಲೆ ಹಾಗೆ ಸರಿಯಬಹುದು. ದೊಡ್ಡ ಬಂದೂಕಿನ ದುರ್ಬೀನುಗಳನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. ಪಾಯಿಂಟ್ ಟೂ ಟೂ ಹೊಡೆಯುವುದು 25 ಮೀಟರಿಗೋ 50 ಮೀಟರಿಗೋ. ಆದ್ದರಿಂದ ರಿಮ್‌ಫೈರಿಗೆಂದೇ 50 ಗಜದ ಆಸುಪಾಸಿಗೆ ಹೊಂದಿಸಿದ್ದನ್ನು ಕೇಳಿ ಕೊಳ್ಳಬೇಕು.

ಮೂರನೆಯದು ಹಿಡಿಕಟ್ಟು. ದುರ್ಬೀನನ್ನು ರೈಫಲ್ಲಿಗೆ ಬಿಗಿಯುವ ಉಂಗುರಗಳು ಕೆಟ್ಟವಾದರೆ ಎಂಥ ಗಾಜೂ ವ್ಯರ್ಥ. ಬಹಳಷ್ಟು ಪಾಯಿಂಟ್ ಟೂ ಟೂಗಳ ಬೆನ್ನಿನ ಮೇಲೆ 11 ಮಿಲಿಮೀಟರಿನ ಸಣ್ಣ ಗಾಡಿ ಇರುತ್ತದೆ. ಉಂಗುರ ಅದಕ್ಕೆ ಕೂರಬೇಕು. ಇದಕ್ಕಾಗಿ ಸ್ವಲ್ಪ ಹಣ ಮೊದಲೇ ತೆಗೆದಿಡುವುದು ಜಾಣತನ. ಮನೆಗೆ ತಂದ ಮೇಲೆ, ಬಂದೂಕಿಗೆ ಬಿಗಿಯುವ ಮೊದಲು, ಬಿಳಿ ಗೋಡೆಯತ್ತ ಹಿಡಿದು ಕಣ್ಣಿನ ಕಡೆಯ ಬಳೆಯನ್ನು ಗೆರೆ ಚೂಪಾಗುವವರೆಗೆ ತಿರುಗಿಸಬೇಕು. ಕನ್ನಡಕದವರು ಕನ್ನಡಕ ಹಾಕಿಕೊಂಡೇ ನೋಡಲಿ.

ಕೊನೆಗೆ ತಾಳೆ. ತಿರುಪನ್ನು ಒಂದು ಕ್ಲಿಕ್ ತಿರುಗಿಸಿದರೆ ಗೆರೆ ಸಾಮಾನ್ಯವಾಗಿ ಒಂದು ಡಿಗ್ರಿಯ ಅರವತ್ತನೆಯ ಭಾಗದಲ್ಲಿ ಕಾಲುಭಾಗ ಸರಿಯುತ್ತದೆ. 50 ಮೀಟರಿನಲ್ಲಿ ಅದು ಮೂರೂವರೆ ಮಿಲಿಮೀಟರಿನಷ್ಟು. ಮೈದಾನದಲ್ಲಿ ಒಂದು ಗುಂಡು ಹೊಡೆಯಿರಿ. ಇಪ್ಪತ್ತು ಕ್ಲಿಕ್ ಬಲಕ್ಕೆ ಸರಿಸಿ ಒಂದು, ಕೆಳಕ್ಕೆ ಇಪ್ಪತ್ತು ಸರಿಸಿ ಒಂದು, ಎಡಕ್ಕೆ ಇಪ್ಪತ್ತು, ಮೇಲಕ್ಕೆ ಇಪ್ಪತ್ತು. ಪ್ರತಿಸಲವೂ ಹಿಡಿಯುವ ಗುರಿ ಒಂದೇ. ಕಾಗದದ ಮೇಲೆ ಚೌಕ ಮೂಡಿ, ಐದನೆಯ ಗುಂಡು ಮೊದಲನೆಯದರ ಮಗ್ಗುಲಿಗೇ ಬಿದ್ದರೆ ಆ ದುರ್ಬೀನು ಕೊಟ್ಟ ಹಣಕ್ಕೆ ಮೋಸವಿಲ್ಲ. ಬೀದರಿನ ಬಯಲಿನಲ್ಲಿ 1841ರಲ್ಲಿ ಮಾಡಿದ್ದೂ ಇದನ್ನೇ: ಹೋದ ದಾರಿ ಕೂಡಿಕೊಳ್ಳುತ್ತದೆಯೇ ಎಂದು ನೋಡಿದ್ದು.

ಕಾಕಾ 4×32 ಕೊಂಡರು. ಅವರ ಚೌಕ ಕೂಡಿಕೊಂಡಿತು. ಆ ಕಾಗದ ಮಡಚಿ ತಂದು ನನಗೆ ತೋರಿಸಿದಾಗ ಪರೀಕ್ಷೆ ಪಾಸಾದ ಹುಡುಗನ ಮುಖ ಅವರದ್ದು.

ಆದರೆ ಸ್ಪರ್ಧೆಗೆ ಹೋಗುವ ಮಕ್ಕಳು ಇಂಥದ್ದಕ್ಕೆ ಹಣ ಹಾಕುವುದು ಬೇಡ. ಒಲಿಂಪಿಕ್ಸಿನ 50 ಮೀಟರ್ ರೈಫಲ್ಲಿನಲ್ಲಿ ದುರ್ಬೀನಿಗೆ ಅವಕಾಶವಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಪಾಯಿಂಟ್ ಟೂ ಟೂ ಹಿಡಿದು ಕಂಚು ಗೆದ್ದದ್ದು ಸಣ್ಣ ತೂತಿನ ಗುರಿಯಿಂದಲೇ. ಹತ್ತು ಅಂಕದ ಆ ಬಳೆಯ ಅಗಲ 10.4 ಮಿಲಿಮೀಟರ್.

ಒಂದು ಮಾತನ್ನು ಮಾತ್ರ ನಾನು ಕಾಕಾನಿಗೂ ಹೇಳಿದೆ, ಮಕ್ಕಳಿಗೂ ಹೇಳುತ್ತೇನೆ. ನಮ್ಮ ಮಣ್ಣಿನಲ್ಲಿ ಬಂದೂಕಿನ ನೆನಪು ಹಗುರವಾದದ್ದಲ್ಲ. 1948ರ ಮೇ ತಿಂಗಳಲ್ಲಿ ಇಲ್ಲೇ ಹತ್ತಿರದ ಗೋರ್ಟಾದಲ್ಲಿ ರಜಾಕಾರರ ಕೈಯಲ್ಲಿ ಸತ್ತವರು ಸುಮಾರು ಇನ್ನೂರು ಜನವೆಂದು ಹೇಳುತ್ತಾರೆ. ಆ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿಯಿತು. ಮರುವರ್ಷ, 1949ರಲ್ಲಿ, ಎನ್‌ಸಿಸಿಯಲ್ಲಿ ಹುಡುಗಿಯರ ವಿಭಾಗ ಶುರುವಾಯಿತು. ಹಿರಿಯರು ಬಂದೂಕಿನ ಸದ್ದಿಗೆ ಹೆದರಿ ಊರು ಬಿಟ್ಟ ಸೀಮೆಯಲ್ಲಿ ನನ್ನಂಥವರು ಅದೇ ವಸ್ತುವನ್ನು ಶಿಸ್ತಿನಿಂದ, ಕಾಗದದ ಎದುರು, ಹಿಡಿಯಲು ಕಲಿತೆವು. ಅದಕ್ಕೇ ಈ ಮಾತು: ಬಂದೂಕಿನ ಮೇಲಿನ ದುರ್ಬೀನು ಎತ್ತ ತಿರುಗಿದರೂ ನಳಿಕೆಯೂ ಅತ್ತಲೇ ತಿರುಗಿರುತ್ತದೆ. ದೂರ ಬರುತ್ತಿರುವವರು ಯಾರು ಎಂದು ಅದರಲ್ಲಿ ನೋಡಬಾರದು. ಅದಕ್ಕೆ ಕೊರಳಿಗೆ ಹಾಕಿಕೊಳ್ಳುವ ದುರ್ಬೀನು ಬೇರೆ ಇದೆ, ಮತ್ತು ಅದು ಇನ್ನೂ ಅಗ್ಗ.