ಶಾರ್ಕುಟರಿ ಹಲಗೆಯ ಕಥೆ: ಹಂದಿ, ಉಪ್ಪು ಮತ್ತು ಒಂದು ಗ್ಯಾರಂಟಿ

 

ಈಗ ನಿಮ್ಮ ಫೋನಲ್ಲಿ ರೀಲ್ಸ್ ತೆಗೆದ್ರೆ ಹತ್ತರಲ್ಲಿ ಒಂದಾದ್ರೂ ಹೀಗಿರುತ್ತೆ. ಒಂದು ದೊಡ್ಡ ಮರದ ಹಲಗೆ. ಅದರ ಮೇಲೆ ಕಾಗದದಷ್ಟು ತೆಳ್ಳಗಿನ ಹ್ಯಾಮ್, ಗ್ಲಾಸಿನ ಅಂಚಿಗೆ ಸುತ್ತಿ ಗುಲಾಬಿ ಹೂವಿನ ಹಾಗೆ ಮಾಡಿದ ಸಲಾಮಿ, ಮೂರು ಥರದ ಚೀಸ್, ದ್ರಾಕ್ಷಿ, ಬಾದಾಮಿ, ಒಂದು ಪುಟ್ಟ ಬಟ್ಟಲಲ್ಲಿ ಜೇನು. ಮನೆಗೆ ಗೆಸ್ಟ್ ಬರ್ತಾರೆ ಅಂದ್ರೆ ಈಗ ಇದೇ ಫ್ಯಾಷನ್. ಹೆಸರು ಶಾರ್ಕುಟರಿ ಬೋರ್ಡ್.

ನೋಡೋಕೆ ಶ್ರೀಮಂತರ ಪಾರ್ಟಿ ಅನ್ಸುತ್ತೆ ಅಲ್ವಾ? ಆದ್ರೆ ಈ ಹಲಗೆಯ ಮೇಲಿರೋ ಬಹುಪಾಲು ತಿನಿಸು ಹುಟ್ಟಿದ್ದು ಚಳಿಗಾಲದಲ್ಲಿ ಹೊಟ್ಟೆ ತುಂಬಬೇಕಲ್ಲ ಅನ್ನೋ ಚಿಂತೆಯಲ್ಲಿ. ಇನ್ನೊಂದು ಪ್ರಶ್ನೆಯೂ ಅದರ ಬೆನ್ನಿಗೇ ಇತ್ತು. ಬೇರೆಯವರು ಮಾಡಿದ ಈ ಮಾಂಸ ತಿಂದ್ರೆ ನನಗೇನೂ ಆಗಲ್ಲ ಅಂತ ಗ್ಯಾರಂಟಿ ಯಾರು ಕೊಡ್ತಾರೆ? ಇವತ್ತಿನ ಕಥೆ ಈ ಪ್ರಶ್ನೆಯದ್ದು.

ರಾಜಕುಮಾರನನ್ನು ಕೊಂದ ಹಂದಿ

ಮೊದಲು ಪದ ನೋಡೋಣ. ಶಾರ್ಕುಟರಿ ಫ್ರೆಂಚ್ ಪದ. ‘ಶೇರ್’ ಅಂದ್ರೆ ಮಾಂಸ, ‘ಕ್ವೀತ್’ ಅಂದ್ರೆ ಬೇಯಿಸಿದ್ದು. ಬೇಯಿಸಿದ ಮಾಂಸ, ಅಷ್ಟೇ. ಫ್ರಾನ್ಸ್‌ನಲ್ಲಿ ಇವತ್ತಿಗೂ ಶಾರ್ಕುಟರಿ ಅಂದ್ರೆ ಮುಖ್ಯವಾಗಿ ಹಂದಿಮಾಂಸದಿಂದ ಮಾಡಿದ ಪದಾರ್ಥಗಳು, ಅಥವಾ ಅವನ್ನು ಮಾರುವ ಅಂಗಡಿ. ಚೀಸು, ದ್ರಾಕ್ಷಿ, ಚಾಕೊಲೇಟು ಎಲ್ಲವನ್ನೂ ಸೇರಿಸಿ ಅದೇ ಹೆಸರಲ್ಲಿ ಕರೆಯೋದು ಈಚಿನ ಅಭ್ಯಾಸ.

ಉಪ್ಪು ಹಾಕಿ ಹಂದಿತೊಡೆ ಕೆಡದ ಹಾಗೆ ಇಡೋ ವಿದ್ಯೆ ಫ್ರಾನ್ಸ್ ಅನ್ನೋ ದೇಶಕ್ಕಿಂತಲೂ ಹಳೇದು. ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ರೋಮಿನ ಕೇಟೊ ಬೇಸಾಯದ ಬಗ್ಗೆ ಬರೆದ ಪುಸ್ತಕದಲ್ಲೇ ಹ್ಯಾಮ್ ಮಾಡೋ ವಿಧಾನ ಇದೆ. ಈಗಿನ ಫ್ರಾನ್ಸ್ ಇರೋ ಗಾಲ್ ಪ್ರದೇಶದಿಂದ ಉಪ್ಪು ಹಾಕಿದ ಹಂದಿಮಾಂಸ ರೋಮಿಗೆ ಹೋಗ್ತಿತ್ತು ಅಂತ ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ.

ಈಗ ಮಧ್ಯಯುಗದ ಪ್ಯಾರಿಸ್‌ಗೆ ಬನ್ನಿ. ಆಗಿನ ಪ್ಯಾರಿಸ್‌ನಲ್ಲಿ ಹಂದಿಗಳು ಬೀದೀಲೇ ಓಡಾಡಿಕೊಂಡಿದ್ದವು. ಕಸ ತಿನ್ನೋದು, ಕೊಬ್ಬೋದು ಎಲ್ಲ ಅಲ್ಲೇ. 1131ರಲ್ಲಿ ಒಂದು ದಿನ ರಾಜ ಆರನೇ ಲೂಯಿಯ ಹಿರಿಮಗ ಫಿಲಿಪ್ ಕುದುರೆ ಮೇಲೆ ಹೋಗ್ತಿದ್ದ. ಹಂದಿಯೊಂದು ಕುದುರೆಯ ಕಾಲಿಗೆ ಅಡ್ಡ ಬಂತು. ಕುದುರೆ ಮುಗ್ಗರಿಸಿತು, ಹುಡುಗ ಬಿದ್ದು ಸತ್ತ. ಅಪ್ಪನ ಜೊತೆಗೇ ರಾಜ ಅಂತ ಅವನಿಗೂ ಪಟ್ಟ ಕಟ್ಟಿ ಎರಡು ವರ್ಷ ಆಗಿತ್ತಷ್ಟೆ. ಈ ದುರಂತದ ನಂತರ ಬೀದಿಯಲ್ಲಿ ಹಂದಿ ಬಿಡಬಾರದು ಅನ್ನೋ ಕಟ್ಟಳೆ ಬಂತು. ಸಂತ ಅಂತೋಣಿಯ ಮಠದವರ ಹಂದಿಗಳಿಗೆ ಮಾತ್ರ ಕುತ್ತಿಗೆಗೆ ಗಂಟೆ ಕಟ್ಟಿ ತಿರುಗಾಡೋ ವಿನಾಯಿತಿ ಇತ್ತು. ಮುಂದೆ ಇದೇ ಸಂತ ಅಂತೋಣಿ ಹಂದಿಮಾಂಸದ ಕಸುಬುದಾರರ ಪಾಲಕ ಸಂತನೂ ಆದ.

ನಾಲಿಗೆ ನೋಡೋ ಅಧಿಕಾರಿ

ಬೀದಿಯಲ್ಲಿ ಸಿಕ್ಕಿದ್ದು ತಿಂದು ಬೆಳೆದ ಹಂದಿಯ ಮಾಂಸದಲ್ಲಿ ಲಾಡಿಹುಳುವಿನ ಮರಿಗಳು ಇರ್ತಿದ್ದವು. ಅಕ್ಕಿಕಾಳಿನ ಹಾಗೆ ಬಿಳಿ ಗಂಟುಗಳು. ಆಗಿನವರು ಇದನ್ನು ಹಂದಿಯ ಕುಷ್ಠ ಅಂತ ತಿಳಿದಿದ್ದರು. ಕಾರಣ ತಪ್ಪಾಗಿತ್ತು, ಆದ್ರೆ ಭಯ ಸರಿಯಾಗೇ ಇತ್ತು.

ಅದಕ್ಕೆ ಅವರು ಕಂಡುಕೊಂಡ ಉಪಾಯ ಕೇಳಿ. ಸಂತೆಯಲ್ಲಿ ಹಂದಿ ಮಾರೋ ಮುಂಚೆ ಪ್ರಮಾಣ ಮಾಡಿದ ಒಬ್ಬ ಪರೀಕ್ಷಕ ಬರ್ತಿದ್ದ. ಹಂದಿಯನ್ನು ಕೆಡವಿ, ಬಾಯಿಗೆ ಕೋಲು ಕೊಟ್ಟು, ನಾಲಿಗೆ ಎಳೆದು ಅದರ ಅಡಿ ನೋಡ್ತಿದ್ದ. ಗಂಟು ಕಂಡರೆ ಆ ಹಂದಿ ರೋಗದ್ದು ಅಂತ ಲೆಕ್ಕ. ಇವರಿಗೆ ‘ಲಾಂಗೆಯರ್’ ಅಂತ ಹೆಸರು, ಅಂದ್ರೆ ನಾಲಿಗೆ ನೋಡುವವರು. ಸೂಕ್ಷ್ಮದರ್ಶಕ ಇಲ್ಲದ ಕಾಲದಲ್ಲೂ ಈ ಪರೀಕ್ಷೆಗೆ ಅರ್ಥ ಇತ್ತು. ನಾಲಿಗೆಯ ಅಡಿಯಲ್ಲಿ ಆ ಗಂಟುಗಳು ನಿಜಕ್ಕೂ ಕಾಣಿಸ್ತವೆ.

ಹಸಿಮಾಂಸವಾದ್ರೆ ಹೀಗೆ ಕಣ್ಣಿಂದ ನೋಡಬಹುದು. ಸಾಸೇಜ್ ಕಥೆ ಏನು? ಕೊಚ್ಚಿ, ಮಸಾಲೆ ಹಾಕಿ, ಕರುಳಿನೊಳಗೆ ತುಂಬಿದ ಮೇಲೆ ಒಳಗಡೆ ಏನಿದೆ ಅಂತ ಯಾರಿಗೆ ಗೊತ್ತು? ಬೇಯಿಸಿದ ಮಾಂಸ ಮಾರುವವರ ಮೇಲೆ ಜನರಿಗೆ ಅನುಮಾನ ಇದ್ದದ್ದು ಅದಕ್ಕೇ.

1476ರ ಜನವರಿಯಲ್ಲಿ ಪ್ಯಾರಿಸ್‌ನ ಆಡಳಿತಾಧಿಕಾರಿ ರಾಬರ್ ದೆಸ್ತೂತ್‌ವಿಲ್ ಈ ಕಸುಬುದಾರರಿಗೆ ನಿಯಮಾವಳಿ ಕೊಟ್ಟ. ಶಾರ್ಕುತಿಯೇ ಅನ್ನೋದು ಅವತ್ತಿಂದ ಅಧಿಕೃತ ಕಸುಬು. ಬೇಯಿಸಿದ ಹಂದಿಮಾಂಸ, ಸಾಸೇಜ್ ಇವರದ್ದು. ಆದ್ರೆ ಕಚ್ಚಾ ಮಾಂಸಕ್ಕೆ ಕಟುಕರ ಹತ್ತಿರಾನೇ ಹೋಗಬೇಕು, ಅವರು ಹೇಳಿದ್ದೇ ರೇಟು. ಈ ಜಗ್ಗಾಟ ಸುಮಾರು ನಲವತ್ತು ವರ್ಷ ನಡೀತು. 1513ರಲ್ಲಿ ರಾಜ ಹನ್ನೆರಡನೇ ಲೂಯಿ ಇವರು ನೇರವಾಗಿ ಹಂದಿ ಕೊಳ್ಳಬಹುದು ಅಂದಾಗ ಕಟುಕರ ಹಿಡಿತ ತಪ್ಪಿತು.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಮಾಂಸ ತಿನ್ನೋ ಹಾಗಿಲ್ಲವಲ್ಲ, ಆಗ ಇವರ ಅಂಗಡಿ ಮುಚ್ತಿತ್ತಾ? ಇಲ್ಲ. ಆ ದಿನಗಳಲ್ಲಿ ಇವರು ಉಪ್ಪುಮೀನು ಮಾರ್ತಿದ್ದರು. ಉಪ್ಪಿನ ಕೆಲಸ ಗೊತ್ತಿದ್ದವನಿಗೆ ಹಂದಿ ಆದ್ರೇನು, ಮೀನಾದ್ರೇನು!

ಉಪ್ಪಿಗೆ ಸರ್ಕಾರದ ಕಣ್ಣು

ಉಪ್ಪಿಗಿಂತ ರುಚಿಯಿಲ್ಲ ಅಂತ ನಾವು ಹೇಳ್ತೀವಿ. ಫ್ರಾನ್ಸ್‌ನ ರಾಜರಿಗೆ ಉಪ್ಪಿಗಿಂತ ಒಳ್ಳೆ ಆದಾಯ ಇರಲಿಲ್ಲ.

ಆ ತೆರಿಗೆಯ ಹೆಸರು ಗಬೆಲ್. ಪ್ಯಾರಿಸ್ ಸುತ್ತಲಿನ ಸೀಮೆಯಲ್ಲಿ ಅದರ ಹೊರೆ ಎಲ್ಲಕ್ಕಿಂತ ಜಾಸ್ತಿ. ಅಲ್ಲಿ ಎಂಟು ವರ್ಷ ದಾಟಿದ ಪ್ರತಿಯೊಬ್ಬರ ಲೆಕ್ಕದಲ್ಲೂ ವರ್ಷಕ್ಕೆ ಇಷ್ಟು ಉಪ್ಪು ಅಂತ ಸರ್ಕಾರಿ ಉಗ್ರಾಣದಿಂದ ಕೊಳ್ಳಲೇಬೇಕಿತ್ತು. ಬೇಕೋ ಬೇಡವೋ, ಕೇಳೋರಿಲ್ಲ.

ಇಲ್ಲೇ ಇರೋದು ಕುತ್ತಿಗೆಗೆ ಬರೋ ವಿಷಯ. ಹೀಗೆ ಕಡ್ಡಾಯವಾಗಿ ಕೊಂಡ ಉಪ್ಪು ಅಡುಗೆಗೆ ಮತ್ತು ಊಟದ ಮೇಜಿಗೆ ಮಾತ್ರ. ಅದೇ ಉಪ್ಪನ್ನು ಹಂದಿಮಾಂಸಕ್ಕೆ ಹಾಕಿ ಚಳಿಗಾಲಕ್ಕೆ ಇಟ್ಟುಕೊಂಡರೆ ಅಪರಾಧ! ಮಾಂಸಕ್ಕೆ ಬೇರೆ ಉಪ್ಪು ಕೊಳ್ಳಬೇಕು, ಅದಕ್ಕೆ ಬೇರೆ ಚೀಟಿ ಬೇಕು. ಸ್ವಲ್ಪ ಯೋಚನೆ ಮಾಡಿ. ಒಂದು ರೈತ ಕುಟುಂಬ ವರ್ಷವಿಡೀ ಒಂದು ಹಂದಿ ಸಾಕುತ್ತೆ. ಚಳಿ ಶುರುವಾಗೋ ಹೊತ್ತಿಗೆ ಕಡಿಯುತ್ತೆ. ಮನೆಯಲ್ಲಿ ಉಪ್ಪು ಮಿಕ್ಕಿದೆ, ಆದ್ರೂ ಅದನ್ನು ಮುಟ್ಟೋ ಹಾಗಿಲ್ಲ. ಮುಟ್ಟಿದ್ರೆ ದಂಡ, ಮುಟ್ಟದಿದ್ರೆ ಮಾಂಸ ಕೊಳೆಯುತ್ತೆ.

ಪಕ್ಕದ ಬ್ರಿಟನಿ ಸೀಮೆಗೆ ಈ ತೆರಿಗೆ ಇರಲಿಲ್ಲ. ಗಡಿಯ ಆಚೆಗಿನ ಬೆಲೆಗೂ ಈಚೆಗಿನ ಬೆಲೆಗೂ ಇಪ್ಪತ್ತು ಪಟ್ಟಿಗೂ ಮೀರಿದ ಅಂತರ ಇತ್ತು. ಇನ್ನೇನಾಗುತ್ತೆ? ಕಳ್ಳಸಾಗಣೆ. ಗಂಡಸರು, ಹೆಂಗಸರು, ಮಕ್ಕಳು, ಕೊನೆಗೆ ತರಬೇತಿ ಕೊಟ್ಟ ನಾಯಿಗಳೂ ಉಪ್ಪು ಹೊತ್ತು ರಾತ್ರೋರಾತ್ರಿ ಗಡಿ ದಾಟ್ತಿದ್ದವು. ಸಿಕ್ಕಿಬಿದ್ದ ಎಷ್ಟೋ ಜನರನ್ನು ಹಡಗಿನ ಹುಟ್ಟು ಹಾಕೋ ಶಿಕ್ಷೆಗೆ ಕಳಿಸಿದರು. ಕ್ರಾಂತಿ ಆದ ಮೇಲೆ, 1790ರಲ್ಲಿ ಗಬೆಲ್ ರದ್ದಾಯಿತು. ಮರುವರ್ಷ ಹಳೆಯ ಕಸುಬುದಾರರ ಸಂಘಗಳೂ ಹೋದವು. ಯಾರು ಬೇಕಾದ್ರೂ ಸಾಸೇಜ್ ಅಂಗಡಿ ಇಡಬಹುದು ಅಂತಾಯ್ತು. ಉಪ್ಪಿನ ತೆರಿಗೆ ಮಾತ್ರ 1806ರಲ್ಲಿ ನೆಪೋಲಿಯನ್ ಕಾಲದಲ್ಲಿ ಮತ್ತೆ ಬಂತು.

ನಮಗಿದು ದೂರದ ಕಥೆ ಅಲ್ಲ. 1930ರಲ್ಲಿ ಉತ್ತರ ಕನ್ನಡದ ಅಂಕೋಲೆಯ ಜನ ಸಮುದ್ರದ ದಡದಲ್ಲಿ ಉಪ್ಪು ಮಾಡಿ ಕಾನೂನು ಮುರಿದಿದ್ದು ಇಂಥದ್ದೇ ಒಂದು ತೆರಿಗೆಯ ವಿರುದ್ಧ. ಉಪ್ಪಿಗೆ ಕೈ ಹಾಕಿದ ಸರ್ಕಾರ ಬಡವರ ಅಡುಗೆಮನೆಗೇ ಕೈ ಹಾಕಿದ ಹಾಗೆ.

ನೇಕಾರರ ಬೆಳಗಿನ ಊಟ

19ನೇ ಶತಮಾನದ ಲಿಯಾನ್ ಪಟ್ಟಣ. ರೇಷ್ಮೆ ನೇಯುವ ಊರು. ಅಲ್ಲಿನ ನೇಕಾರರಿಗೆ ಕನ್ಯೂ ಅಂತ ಹೆಸರು. ಕೂಲಿ ಸಾಲದೆ 1831ರಲ್ಲಿ ಮತ್ತು 1834ರಲ್ಲಿ ಬೀದಿಗಿಳಿದು ದಂಗೆ ಎದ್ದವರು ಇವರೇ. ಹೊತ್ತಿಗೆ ಮುಂಚೆ ಎದ್ದು ಗಂಟೆಗಟ್ಟಲೆ ಮಗ್ಗದ ಮುಂದೆ ನಿಂತವರಿಗೆ ಬೆಳಗ್ಗೆಯೇ ಗಟ್ಟಿ ಊಟ ಬೇಕಲ್ಲ? ಸಾಸೇಜು, ಹಂದಿಯ ಕಾಲು, ಕರುಳು, ಬ್ರೆಡ್ಡು, ಜೊತೆಗೆ ಒಂದು ಲೋಟ ವೈನು. ಈ ಊಟಕ್ಕೆ ‘ಮಾಶೋಂ’ ಅಂತಾರೆ. ಲಿಯಾನ್‌ನಲ್ಲಿ ಈಗಲೂ ಸಿಗುತ್ತೆ.

ಗಮನಿಸಿ, ಇಲ್ಲಿರೋದು ಹಂದಿಯ ಮೇಲ್ದರ್ಜೆಯ ಮಾಂಸ ಅಲ್ಲ. ಶಾರ್ಕುತಿಯೇ ಜಾಣ್ಮೆ ಇರೋದೇ ಇದರಲ್ಲಿ: ಏನನ್ನೂ ಬಿಸಾಡಬಾರದು. ತೊಡೆ ಹ್ಯಾಮ್ ಆಯ್ತು. ರಕ್ತ ಬೂದಾಂ ಆಯ್ತು. ತಲೆಮಾಂಸ ಬೇಯಿಸಿ, ಗಟ್ಟಿಯಾಗಿಸಿ ಹೋಳು ಮಾಡಿದ್ರು. ಚೂರುಪಾರು ಮಾಂಸವನ್ನು ಅದರದ್ದೇ ಕೊಬ್ಬಿನಲ್ಲಿ ನಿಧಾನಕ್ಕೆ ಬೇಯಿಸಿ ಜಾಡಿಗೆ ತುಂಬಿದ್ರೆ ರಿಯೆತ್. ಮೇಲೆ ನಿಂತ ಕೊಬ್ಬೇ ಮುಚ್ಚಳ, ಗಾಳಿ ಒಳಗೆ ಹೋಗಲ್ಲ.

ಕೊಡಗಿನ ಹಳೆಯ ಮನೆಗಳಲ್ಲಿ ಒಲೆಯ ಮೇಲೆ ಹೊಗೆಗೆ ಮಾಂಸ ಒಣಗಿಸಿ ಮಳೆಗಾಲಕ್ಕೆ ಇಡ್ತಿದ್ದದ್ದು, ಕರಾವಳಿಯಲ್ಲಿ ಒಣಮೀನು ಕಟ್ಟಿಡೋದು ಇದೇ ಬುದ್ಧಿಯಿಂದ.

ಸಾಸೇಜ್ ವಿಷ

ಈಗ ಮೊದಲು ಕೇಳಿದ ಪ್ರಶ್ನೆಗೆ ವಾಪಸ್ ಬರೋಣ. ಗ್ಯಾರಂಟಿ ಯಾರದ್ದು?

1820ರ ಸುಮಾರಿಗೆ ಜರ್ಮನಿಯ ವ್ಯುರ್ಟೆಂಬರ್ಗ್‌ನಲ್ಲಿ ಜನ ಸಾಸೇಜ್ ತಿಂದು ಸಾಯ್ತಿದ್ದರು. ಮೊದಲು ಕಣ್ಣು ಮಂಜು, ಆಮೇಲೆ ನುಂಗೋಕಾಗಲ್ಲ, ಕೊನೆಗೆ ಉಸಿರೇ ನಿಲ್ಲುತ್ತೆ. ಅಲ್ಲಿ ಯುಸ್ಟಿನುಸ್ ಕೆರ್ನರ್ ಅನ್ನೋ ವೈದ್ಯ ಇದ್ದ, ಕವಿಯೂ ಹೌದು. ಈ ಕೇಸುಗಳನ್ನೆಲ್ಲ ಒಟ್ಟುಮಾಡಿ ಬರೆದ. ಸಾಲದ್ದಕ್ಕೆ ಆ ವಿಷದ ಸಾರವನ್ನು ತನ್ನ ಮೇಲೇ ಪ್ರಯೋಗ ಮಾಡಿಕೊಂಡ!

1895ರಲ್ಲಿ ಬೆಲ್ಜಿಯಂನ ಎಲ್ಜೆಲ್ ಹಳ್ಳಿಯಲ್ಲಿ ಒಂದು ಸಾವಿನ ಮನೆಗೆ ವಾದ್ಯದವರು ಬಂದಿದ್ದರು. ಕೆಲಸ ಮುಗಿಸಿ ಒಟ್ಟಿಗೆ ಕೂತು ಹ್ಯಾಮ್ ತಿಂದರು. ಮೂವರು ಸತ್ತರು. ಫಾನ್ ಎರ್ಮೆಂಗೆಮ್ ಅನ್ನೋ ಪ್ರೊಫೆಸರ್ ಆ ಹ್ಯಾಮನ್ನು ಪರೀಕ್ಷೆ ಮಾಡಿ, ಗಾಳಿಯಿಲ್ಲದ ಕಡೆ ಬೆಳೆಯೋ ಒಂದು ಬ್ಯಾಕ್ಟೀರಿಯಾ ಹಿಡಿದ. ಆ ರೋಗವೇ ಬೊಟುಲಿಸಂ. ಲ್ಯಾಟಿನ್‌ನಲ್ಲಿ ‘ಬೊಟುಲುಸ್’ ಅಂದ್ರೆ ಸಾಸೇಜ್. ಇವತ್ತು ಮುಖದ ಸುಕ್ಕಿಗೆ ಚುಚ್ಚಿಸಿಕೊಳ್ಳೋ ಬೊಟಾಕ್ಸ್ ಇದೆಯಲ್ಲ, ಅದೂ ಇದೇ ವಿಷ, ಅತಿ ಕಡಿಮೆ ಪ್ರಮಾಣದಲ್ಲಿ.

ಈ ಬ್ಯಾಕ್ಟೀರಿಯಾವನ್ನು ತಡೆಯೋದ್ರಲ್ಲಿ ಪೆಟ್ಲುಪ್ಪಿನ ಪಾತ್ರ ದೊಡ್ಡದು. ಹೌದು, ಸಿಡಿಮದ್ದಿಗೆ ಹಾಕೋ ಅದೇ ಪೆಟ್ಲುಪ್ಪು. ಮಾಂಸಕ್ಕೆ ಸ್ವಲ್ಪ ಬೆರೆಸಿದ್ರೆ ಬಣ್ಣ ಗುಲಾಬಿಯಾಗಿ ಉಳಿಯುತ್ತೆ ಅಂತ ಹಳಬರಿಗೆ ಗೊತ್ತಿತ್ತು. ಅದು ನೈಟ್ರೈಟ್ ಆಗಿ ಬದಲಾಗುತ್ತೆ, ವಿಷ ಉಂಟುಮಾಡೋ ಬ್ಯಾಕ್ಟೀರಿಯಾ ಬೆಳೆಯದ ಹಾಗೆ ನೋಡಿಕೊಳ್ಳುತ್ತೆ ಅನ್ನೋದು ತಿಳಿದದ್ದು ಬಹಳ ತಡವಾಗಿ.

ಕಥೆ ಇಲ್ಲಿಗೆ ಮುಗಿದಿದ್ರೆ ಚೆನ್ನಾಗಿರ್ತಿತ್ತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ದಿನಾ 50 ಗ್ರಾಂ ತಿಂದ್ರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಸುಮಾರು ಶೇ 18ರಷ್ಟು ಹೆಚ್ಚುತ್ತೆ ಅಂತ ಅಂದಾಜು. ಸಿಗರೇಟೂ ಅದೇ ಗುಂಪಿನಲ್ಲಿದೆ, ಆದ್ರೆ ಎರಡರ ಅಪಾಯ ಒಂದೇ ಅಂತ ಅದರ ಅರ್ಥ ಅಲ್ಲ. ಪುರಾವೆ ಅಷ್ಟು ಗಟ್ಟಿಯಾಗಿದೆ ಅಂತ ಅರ್ಥ. 2022ರಲ್ಲಿ ಫ್ರಾನ್ಸ್‌ನ ಆಹಾರ ಸುರಕ್ಷತಾ ಸಂಸ್ಥೆಯೂ ನೈಟ್ರೈಟ್ ಬಳಕೆ ಕಡಿಮೆ ಮಾಡಿ ಅಂತ ಹೇಳಿತು. ಒಂದು ಸಾವಿನಿಂದ ಕಾಪಾಡಿದ ಪದಾರ್ಥವೇ ಇನ್ನೊಂದು ರೋಗದ ಅನುಮಾನಕ್ಕೆ ಸಿಕ್ಕಿಕೊಂಡಿದೆ. ಫ್ರಾನ್ಸ್‌ನಲ್ಲಿ ಈ ಜಗಳ ಇನ್ನೂ ಮುಗಿದಿಲ್ಲ.

ಹಾಗಾದ್ರೆ ನಿಮ್ಮ ಹಲಗೆ?

ಇಷ್ಟೆಲ್ಲ ಕೇಳಿದ ಮೇಲೂ ಈ ವೀಕೆಂಡ್ ಗೆಸ್ಟ್‌ಗಳಿಗೆ ಬೋರ್ಡ್ ಇಡ್ತೀರಾ? ಇಡಿ, ತಪ್ಪೇನಿಲ್ಲ. ಇತಿಹಾಸ ಗೊತ್ತಿದ್ರೆ ಜೋಡಿಸೋದೂ ಸುಲಭ.

ಒಣಗಿಸಿದ್ದು ಒಂದು, ಬೇಯಿಸಿದ್ದು ಒಂದು, ಬ್ರೆಡ್ಡಿಗೆ ಸವರೋದು ಒಂದು. ಹ್ಯಾಮ್, ಸಾಸೇಜ್, ಪಾತೆ, ಮೂರು ಬಗೆ ಸಾಕು. ಊಟಕ್ಕೆ ಮುಂಚೆ ಅಂದ್ರೆ ತಲೆಗೆ 50 ಗ್ರಾಂ ಧಾರಾಳ ಆಯ್ತು. ಹುಳಿ ಇರಲೇಬೇಕು. ಫ್ರೆಂಚರು ಪುಟ್ಟ ಸೌತೆ ಉಪ್ಪಿನಕಾಯಿ, ಸಾಸಿವೆ ಇಡೋದು ಅಲಂಕಾರಕ್ಕಲ್ಲ, ಕೊಬ್ಬು ಉಪ್ಪು ಎರಡರ ಭಾರ ಇಳಿಸೋಕೆ. ಫ್ರಿಡ್ಜಿನಿಂದ ತೆಗೆದು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ, ನಮ್ಮ ಬೇಸಿಗೆಯಲ್ಲಿ ಅದಕ್ಕೂ ಮುಂಚೆಯೇ ಎತ್ತಿಡಿ. ಬಸುರಿಯರು ಬೇಯಿಸದ ಹ್ಯಾಮ್, ಸಲಾಮಿ ತಿನ್ನದಿರೋದು ಒಳ್ಳೇದು. ಸಸ್ಯಾಹಾರಿ ಗೆಳೆಯರು ಬರ್ತಿದ್ದರೆ ಬೇರೆ ಹಲಗೆ, ಬೇರೆ ಚಾಕು. ಯಾವುದರಲ್ಲಿ ಏನಿದೆ ಅಂತ ಕೇಳೋ ಮುಂಚೆಯೇ ಬಾಯಿಬಿಟ್ಟು ಹೇಳಿಬಿಡಿ.

ನಾಲಿಗೆ ನೋಡೋ ಅಧಿಕಾರಿಯಿಂದ ಹಿಡಿದು ಇವತ್ತಿನ ಪ್ಯಾಕೆಟ್ ಮೇಲಿನ ತಾರೀಖಿನವರೆಗೆ, ಐನೂರು ವರ್ಷಕ್ಕೂ ಹೆಚ್ಚು ಕಾಲ ಜನ ಕೇಳಿದ್ದು ಇಷ್ಟೇ: ಇದನ್ನು ನಂಬಿ ತಿನ್ನಬಹುದಾ? ನಿಮ್ಮ ಮನೆಗೆ ಬಂದವರು ಆ ಪ್ರಶ್ನೆ ಕೇಳದೇ ಕೈ ಚಾಚ್ತಾರೆ. ಅವತ್ತಿನ ಮಟ್ಟಿಗೆ ಗ್ಯಾರಂಟಿ ನಿಮ್ಮದೇ.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲಿ ಮಳೆಗಾಲಕ್ಕೆ ಅಂತ ಏನನ್ನು ಒಣಗಿಸಿ, ಉಪ್ಪು ಹಾಕಿ ಇಡ್ತಿದ್ದರು? ಅಜ್ಜಿ ತಾತ ಇದ್ದರೆ ಇವತ್ತೇ ಒಂದು ಫೋನ್ ಮಾಡಿ ಕೇಳಿ.